ಪ್ಲಗ್ಗಿನಲ್ಲಿ ಹರಿಯುವ ಇಂಟರ್ನೆಟ್ಟು

ನಮ್ಮ ಮನೆಯಲ್ಲಿ ರೂಟರ್ ಇರುವುದು ಹಾಲ್‌ನಲ್ಲಿ, ಕಂಪ್ಯೂಟರ್ ಇರುವುದು ಕೊನೆಯ ಕೋಣೆಯಲ್ಲಿ. ನಡುವೆ ಎರಡು ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು, ಮಗಳ ಮೀನಿನ ತೊಟ್ಟಿ. ವೈಫೈಗೆ ಆಗದವರನ್ನೆಲ್ಲ ಹುಡುಕಿ ಸಾಲಾಗಿ ನಿಲ್ಲಿಸಿದಂತಿದೆ. ಕಾಂಕ್ರೀಟ್ ಸಿಗ್ನಲ್ಲಿನ ಕಸುವು ಕುಗ್ಗಿಸುತ್ತದೆ, ಲೋಹ ಬಂದ ದಾರಿಗೇ ಅಟ್ಟುತ್ತದೆ, ನೀರು ಹೀರಿಕೊಂಡೇ ಬಿಡುತ್ತದೆ. ಇದರಿಂದ ಮೀನುಗಳಿಗೇನೂ ಲಾಭವಾದಂತಿಲ್ಲ.

ಇಷ್ಟೆಲ್ಲ ದಾಟಿ ಬರುವ ವೈಫೈಯಿಂದಾಗಿ ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿದ ಗಳಿಗೆಯಲ್ಲೇ ನಿಂತುಬಿಡುತ್ತಿತ್ತು. ಮುಖ ನೋಡುವಂತಿದ್ದಾಗ ಒಮ್ಮೆಯಾದರೂ ನೆಟ್ ಕೈಕೊಟ್ಟದ್ದುಂಟೆ?

"ಅಪ್ಪ, 5 ಗಿಗಾಹರ್ಟ್ಸ್‌ಗೆ ಹಾಕು" ಎಂದ ಮಗ. ವೇಗ ಜಾಸ್ತಿ, ಸರಿ. ಗೋಡೆ ದಾಟುವ ತಾಕತ್ತು ಕಡಿಮೆ. ಬೀರುವಿನ ಹತ್ತಿರ ಬರುವಷ್ಟರಲ್ಲಿ ಅಂತರ್ಧಾನ. ವೈಫೈಯ ಇನ್ನೊಂದು ಆವರ್ತನವಾದ 2.4 ಗಿಗಾಹರ್ಟ್ಸ್ ದೂರ ಬರುತ್ತದೆ, ಆದರೆ ಆ ದಾರಿಯಲ್ಲಿ ಎಲ್ಲರೂ ಇದ್ದಾರೆ: ಬ್ಲೂಟೂತ್ ಇಯರ್‌ಫೋನು, ನೆರೆಮನೆಗಳ ರೂಟರು, 2.45ರ ಆಸುಪಾಸಿನಲ್ಲೇ ಕೆಲಸ ಮಾಡುವ ಮೈಕ್ರೋವೇವ್ ಒವನ್ನು. ರೂಟರಿನ ಪಟ್ಟಿಯಲ್ಲಿ ಈ ದಾರಿಯ ಚಾನೆಲ್ಲುಗಳು, ಅಂದರೆ ಒಳಓಣಿಗಳು, ಹತ್ತಕ್ಕೂ ಮೇಲೆ ಕಾಣುತ್ತವೆ. ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮಾತ್ರ. ಆ ಮೂರಕ್ಕೂ ಅಕ್ಕಪಕ್ಕದವರು ಆಗಲೇ ಟವೆಲ್ ಹಾಕಿ ಸೀಟು ಹಿಡಿದಿದ್ದರು.

ಆಗ ಬಂತು ಪವರ್‌ಲೈನ್ ಅಡಾಪ್ಟರ್ ಜೋಡಿ. ಒಂದು ರೂಟರಿನ ಪಕ್ಕದ ಪ್ಲಗ್ಗಿಗೆ, ಇನ್ನೊಂದು ಕಂಪ್ಯೂಟರಿನ ಪಕ್ಕದ ಪ್ಲಗ್ಗಿಗೆ. ಗೋಡೆಯೊಳಗಿನ ಕರೆಂಟಿನ ತಂತಿಯಲ್ಲೇ 2ರಿಂದ 30 ಮೆಗಾಹರ್ಟ್ಸ್ ಸಂಕೇತವಾಗಿ ಇಂಟರ್ನೆಟ್ಟೂ ಹರಿಯುತ್ತದೆ. ಹೊಸ ಮಾದರಿಗಳಲ್ಲಿ ಇದು 86ರವರೆಗೂ ಹೋಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 500 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಎಂದಿತ್ತು. ನೆಟ್ ಕೇಬಲ್ ಚುಚ್ಚುವ ಅಡಾಪ್ಟರಿನ ಈಥರ್ನೆಟ್ ಪೋರ್ಟು ಮಾತ್ರ 100ರದ್ದು! ತಂತಿಯೊಳಗೆ ಆದರ್ಶ ಸ್ಥಿತಿಯಲ್ಲಿ 500, ಹೊರಗೆ ಬರುವಾಗ ಹೆಚ್ಚೆಂದರೆ 100. ಸುಳ್ಳು ಎನ್ನುವಂತಿಲ್ಲ, ನಿಜ ಎನ್ನಲು ನಾಲಗೆ ಏಳುವುದಿಲ್ಲ.

ಕಂಪ್ಯೂಟರಿನ ಕಡೆಯ ಅಡಾಪ್ಟರು ಮೊದಲು ಕೂತದ್ದು ಸ್ಪೈಕ್ ಗಾರ್ಡಿನಲ್ಲಿ. ದೀಪಗಳೇನೋ ಮಿನುಗಿದವು, ಪುಟ ತೆರೆಯಲಿಲ್ಲ. ತಂತಿಯಲ್ಲಿ ಬರುವ ಹೆಚ್ಚಿನ ಆವರ್ತನದ ಗದ್ದಲವನ್ನು ಸೋಸಿ ತೆಗೆಯಲೆಂದೇ ಆ ಸ್ಪೈಕ್ ಗಾರ್ಡಿನಲ್ಲಿ ಫಿಲ್ಟರ್ ಇಟ್ಟಿರುತ್ತಾರೆ. ಅದರ ಪಾಲಿಗೆ ನಮ್ಮ ಆಫೀಸಿನ ಮೀಟಿಂಗೂ ಗದ್ದಲವೇ. ಆ ಅಭಿಪ್ರಾಯ ನನಗೂ ತೀರಾ ತಪ್ಪೆನಿಸಲಿಲ್ಲ.

ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿದ ಮೇಲೆ ಪುಟಗಳು ತೆರೆದವು. ವೇಗ ಹೇಳಿಕೊಳ್ಳುವಂಥದ್ದಲ್ಲ, ಆದರೆ ಒಂದೇ ಸಮನೆ ಬಂತು. ಎದ್ದು ಓಡಾಡದ ಕಂಪ್ಯೂಟರಿಗೆ ಬೇಕಾದದ್ದೂ ಅಷ್ಟೆ. ಫೋನು ಹಿಡಿದು ಮನೆಯೆಲ್ಲ ಸುತ್ತುವವರು ವೈಫೈ ಇಟ್ಟುಕೊಳ್ಳಲಿ. (ಅಡಾಪ್ಟರುಗಳ ಪೇರ್ ಬಟನ್ ಒತ್ತುವುದನ್ನು ಮರೆಯಬಾರದು. ಸಂಕೇತ ಕೆಲವೊಮ್ಮೆ ಮೀಟರು ದಾಟಿ ಪಕ್ಕದ ಮನೆಯನ್ನೂ ಇಣುಕಬಲ್ಲದು. ಆ ಬಟನ್ ಒತ್ತಿದರೆ ನಮ್ಮದೇ 128 ಬಿಟ್ ಗೂಢಲಿಪಿಯ ಬೀಗ ಬೀಳುತ್ತದೆ.)

ಆದರೆ ಆ ತಂತಿ ನನ್ನೊಬ್ಬನದಲ್ಲವಲ್ಲ. ಮಗಳು ಹೇರ್ ಡ್ರೈಯರ್ ಹಿಡಿದರೆ ವೇಗ ಅರ್ಧ. ಹೆಂಡತಿ ಮಿಕ್ಸಿ ಹಾಕಿದರೆ ಬಾಸ್ ಮಾತು ತುಂಡು ತುಂಡು. ಬ್ರಶ್ ಇರುವ ಮೋಟಾರು ತಿರುಗುವಾಗ ಒಳಗೆ ಕಿಡಿ ಹಾರುತ್ತದೆ, ಆ ಕಿರಿಕಿರಿಯೆಲ್ಲ ತಂತಿಗೇ ಇಳಿಯುತ್ತದೆ. ಎಲ್ಲವೂ ಆಫ್ ಆಗಿದ್ದರೂ ಕೆಲವು ಸಂಜೆ ನೆಟ್ ತೆವಳುತ್ತಿತ್ತು. ಫ್ರಿಜ್ಜು, ಫ್ಯಾನು, ವಾಷಿಂಗ್ ಮಷೀನು, ಎಲ್ಲರ ವಿಚಾರಣೆಯೂ ನಡೆಯಿತು. ಕೊನೆಗೆ ಸಿಕ್ಕಿಬಿದ್ದದ್ದು ಅಡಾಪ್ಟರಿನ ಮಗ್ಗುಲಲ್ಲೇ ಕೂತಿದ್ದ ಬೆರಳುದ್ದದ ಅಗ್ಗದ ಫೋನ್ ಚಾರ್ಜರು. ಯಾರದೆಂದು ಕೇಳಿದರೆ, 5 ಗಿಗಾಹರ್ಟ್ಸ್ ಸಲಹೆ ಕೊಟ್ಟವನು ಮೀನಿಗೆ ಊಟ ಹಾಕಲು ಎದ್ದು ಹೋದ.

ಈಗ ಮನೆಯಲ್ಲೊಂದು ಒಪ್ಪಂದವಿದೆ. "ರೀ, ಮಿಕ್ಸಿ ಹಾಕ್ಲಾ?" ಎಂದು ಅಡುಗೆಮನೆಯಿಂದ ಅನುಮತಿ ಕೇಳಲಾಗುತ್ತದೆ. ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಮೀಟಿಂಗು ಗಂಟೆ ದಾಟಿ, ಬಾಸ್ "ಇನ್ನೊಂದೇ ಸ್ಲೈಡ್" ಎಂದರೆ ಮಾತ್ರ ಮೇಜಿನ ಕೆಳಗೆ ಫೋನು ತೆಗೆದು, ಬಡಕಲು ವೈಫೈಯಲ್ಲೇ ಹೆಂಡತಿಗೊಂದು ಮೆಸೇಜು ಕಳಿಸುತ್ತೇನೆ: "ಸ್ವಲ್ಪ ಮಿಕ್ಸಿ ಹಾಕ್ತೀಯಾ?"