ಆಂಟಿಬಾಡಿ ರಿಪೋರ್ಟ್ ನಂಬಿ ಕೂತವರಿಗೆ

ಮೊನ್ನೆ ಉಡುಪಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪ ಶುರು ಮಾಡಿದರು. "ಅಲ್ಲ ಮಾರಾಯ್ತಿ, ಮೂರು ಡೋಸ್ ಹಾಕಿಸಿಕೊಂಡದ್ದು. ಆಂಟಿಬಾಡಿ ಭರ್ಜರಿ ಉಂಟು ಅಂತ ರಿಪೋರ್ಟೂ ಬಂದಿತ್ತು. ಮತ್ತೆ ಎರಡು ಸಲ ಕೊರೋನಾ ಬಂತಲ್ಲ? ಎಂತ ಲಸಿಕೆ ಅದು!" ಅಷ್ಟರಲ್ಲಿ ಸಾರು ಬಂತು, ಮಾತು ಅಲ್ಲಿಗೇ ನಿಂತಿತು. ಉತ್ತರ ಇಲ್ಲಿ ಬರೆಯುತ್ತೇನೆ. ಇದೇ ಪ್ರಶ್ನೆ ಬಹಳ ಜನರಿಗೆ ಉಂಟು ಅಂತ ಗೊತ್ತು.

ನಾನು ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. 2021ರಲ್ಲಿ ಆಂಟಿಬಾಡಿ ಟೆಸ್ಟಿಗೆ ಜನ ಸಾಲುಗಟ್ಟಿ ಬರುತ್ತಿದ್ದರು. ಗಂಡ ಹೆಂಡತಿ ಒಟ್ಟಿಗೆ ಬಂದು, ಯಾರ ನಂಬರ್ ಜಾಸ್ತಿ ಅಂತ ಕೌಂಟರಿನಲ್ಲೇ ನಿಂತು ನೋಡುತ್ತಿದ್ದರು. ಜಾಸ್ತಿ ಬಂದವರು ಮಾಸ್ಕ್ ಕೆಳಗಿಳಿಸಿ ಹೊರಡುತ್ತಿದ್ದರು. ಆಂಟಿಬಾಡಿ ಅಂದರೆ ವೈರಸ್ಸಿಗೆ ಅಂಟಿಕೊಳ್ಳಲು ನಮ್ಮ ದೇಹ ತಯಾರಿಸುವ ಪ್ರೊಟೀನ್. ಆ ಟೆಸ್ಟ್‌ನಲ್ಲಿ ನಡೆಯುತ್ತಿದ್ದದ್ದು ಇಷ್ಟೇ: ಕಿಟ್‌ನೊಳಗೆ ವೈರಸ್ಸಿನ ಮೈಮೇಲೆ ಮುಳ್ಳಿನ ಹಾಗೆ ಇರುವ ಸ್ಪೈಕ್ ಪ್ರೊಟೀನ್ ಅಂಟಿಸಿರುತ್ತಾರೆ, ನಿಮ್ಮ ರಕ್ತದ ಆಂಟಿಬಾಡಿ ಅದಕ್ಕೆ ಎಷ್ಟು ಹಿಡಿದುಕೊಳ್ಳುತ್ತದೆ ಅಂತ ಅಳೆಯುತ್ತಾರೆ. ಹಿಡಿದುಕೊಂಡದ್ದೆಲ್ಲ ವೈರಸ್ಸನ್ನು ತಡೆಯುತ್ತದೆ ಅಂತೇನಿಲ್ಲ. ಅಷ್ಟೇ ಅಲ್ಲ, ಕಿಟ್‌ನೊಳಗಿದ್ದದ್ದು ವುಹಾನಿನ ಮೊದಲ ತಳಿಯ ಸ್ಪೈಕ್. ಊರಿನಲ್ಲಿ ಓಡಾಡುತ್ತಿದ್ದದ್ದು ಡೆಲ್ಟಾ. 2021ರ ಮೇ ತಿಂಗಳಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲಸಿಕೆ ಹಾಕಿಸಿಕೊಂಡವರು ರಕ್ಷಣೆ ಎಷ್ಟಿದೆ ಅಂತ ನೋಡಲು ಈ ಟೆಸ್ಟ್ ಬಳಸಬಾರದು ಅಂತ ಹೇಳಿತ್ತು. ಇಲ್ಲಿ ಅದನ್ನು ಕೇಳಿದವರು ಕಡಿಮೆ. ಲ್ಯಾಬ್‌ಗಳಿಗೆ ವ್ಯಾಪಾರ ಚೆನ್ನಾಗಿತ್ತು, ಹೇಳುವುದಕ್ಕೇನು.

ಸರಿ, ವೈರಸ್ ತಪ್ಪಿಸಿಕೊಳ್ಳುವುದು ಹೇಗೆ? ವೇಷ ಬದಲಾಯಿಸಿ ಬರುತ್ತದೆ ಅಂತ ಎಲ್ಲರೂ ಬರೆದರು. ಯಕ್ಷಗಾನದ ಊರು ನಮ್ಮದು, ಹಾಗೆ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಆದರೆ ಚೌಕಿಯಲ್ಲಿ ಕೂತು ಬಣ್ಣ ಹಚ್ಚುವವನಿಗೆ ತಾನು ಯಾರಾಗಬೇಕು ಅಂತ ಗೊತ್ತಿರುತ್ತದೆ. ವೈರಸ್ಸಿಗೆ ಏನೂ ಗೊತ್ತಿಲ್ಲ. ಅದರ ಆರ್‌ಎನ್‌ಎಯಲ್ಲಿ, ಅಂದರೆ ಅದರ ವಂಶವಾಹಿ ಬರಹದಲ್ಲಿ, ಸುಮಾರು 30,000 ಅಕ್ಷರ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಹೆಚ್ಚಿನ ತಪ್ಪುಗಳಿಂದ ಅದಕ್ಕೇ ನಷ್ಟ, ಇಲ್ಲವೇ ಲಾಭವೂ ಇಲ್ಲ. ಜನರ ಮೈಯಲ್ಲಿ ಆಂಟಿಬಾಡಿ ತುಂಬಿರುವಾಗ, ಆ ಹಿಡಿತದಿಂದ ಜಾರುವಂಥ ತಪ್ಪು ಯಾವುದಕ್ಕಾಯಿತೋ ಅದು ಹೆಚ್ಚು ಹರಡುತ್ತದೆ. ಆರಿಸುವುದು ನಮ್ಮ ಆಂಟಿಬಾಡಿಯೇ.

ಒಂದೇ ಒಂದು ಜಾಗ ನೋಡಿ. ಸ್ಪೈಕ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ, ಅದರಲ್ಲಿ 484ನೇ ಸ್ಥಾನ. ಮೊದಲ ತಳಿಯಲ್ಲಿ ಅಲ್ಲಿ ಋಣ ವಿದ್ಯುದಂಶ ಇರುವ ಗ್ಲುಟಾಮಿಕ್ ಆಮ್ಲ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಮೊದಲು ಕಂಡ ಬೀಟಾ ತಳಿಯಲ್ಲಿ ಅದರ ಬದಲು ಧನ ವಿದ್ಯುದಂಶದ ಲೈಸಿನ್ ಬಂತು. ಋಣಕ್ಕೆ ಹೊಂದಿಕೊಂಡು ಹಿಡಿಯುತ್ತಿದ್ದ ಆಂಟಿಬಾಡಿಗಳನ್ನು ಅದು ದೂರ ತಳ್ಳತೊಡಗಿತು. ಆದರೆ ವೈರಸ್ ಮನಸ್ಸಿಗೆ ಬಂದ ಹಾಗೆ ಬದಲಾಗುವಂತಿಲ್ಲ. ಅದೇ ಸ್ಪೈಕಿನಿಂದಲೇ ಒಳಗೆ ಹೋಗಲು ನಮ್ಮ ಜೀವಕೋಶದ ಹೊರಮೈಯಲ್ಲಿರುವ ಎಸಿಇ2 ಅನ್ನುವ ಪ್ರೊಟೀನನ್ನೂ ಹಿಡಿಯಬೇಕಲ್ವಾ? 417ನೇ ಸ್ಥಾನದ ಬದಲಾವಣೆ ಆಂಟಿಬಾಡಿಯಿಂದ ತಪ್ಪಿಸುತ್ತದೆ, ಆದರೆ ಎಸಿಇ2 ಮೇಲಿನ ಹಿಡಿತವೂ ಸಡಿಲವಾಗುತ್ತದೆ. 501ನೇ ಸ್ಥಾನದ ಬದಲಾವಣೆ ಆ ಹಿಡಿತವನ್ನು ವಾಪಸ್ ತರುತ್ತದೆ. ಬೀಟಾದಲ್ಲೂ ಓಮಿಕ್ರಾನ್‌ನಲ್ಲೂ ಈ ಎರಡೂ ಜೊತೆಗೇ ಇದ್ದವು. ಇದನ್ನು ಮೊದಲ ಸಲ ಓದಿದಾಗ ನನಗೆ ರೋಗದ ಭಯಕ್ಕಿಂತ ಕುತೂಹಲವೇ ಜಾಸ್ತಿಯಾಗಿತ್ತು.

ಡೆಲ್ಟಾ ಕಾಲದ ಆ 'ಕಾಕ್‌ಟೇಲ್' ನೆನಪುಂಟಾ? 2021ರ ಮೇಯಲ್ಲಿ ಭಾರತಕ್ಕೆ ಬಂತು, ಒಂದು ಡೋಸಿಗೆ 59,750 ರೂಪಾಯಿ. ಎರಡು ಆಂಟಿಬಾಡಿಗಳನ್ನು ಕೂಡಿಸಿದ ಔಷಧಿ ಅದು, ಎರಡೂ ಸ್ಪೈಕನ್ನು ಬೇರೆ ಬೇರೆ ಕಡೆ ಹಿಡಿಯುತ್ತಿದ್ದವು. ಒಂದು ಜಾರಿದರೆ ಇನ್ನೊಂದು ಇರಲಿ ಅಂತ ಲೆಕ್ಕ. ಡೆಲ್ಟಾಕ್ಕೆ ಲೆಕ್ಕ ಸರಿಹೋಯಿತು. ನವೆಂಬರಿನಲ್ಲಿ ಹೊರದೇಶದಲ್ಲಿ ಓಮಿಕ್ರಾನ್ ಕಾಣಿಸಿತು, ಸ್ಪೈಕಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ. ಎರಡೂ ಜಾರಿದವು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣ ನಮ್ಮ ಬೆಂಗಳೂರಿನಲ್ಲೇ ಅಂತ ಟಿವಿಯಲ್ಲಿ ಬಂದಾಗ, ಅಷ್ಟು ದುಡ್ಡು ಸುರಿದವರ ನೆನಪೇ ನನಗೆ ಮೊದಲು ಬಂದದ್ದು.

ಹಾಗಾದರೆ ಲಸಿಕೆಯೂ ಸುಮ್ನೆ ಹೋಯಿತಾ? ಇಲ್ಲಿ ನಾನು ದೊಡ್ಡಪ್ಪನ ಮಾತು ಒಪ್ಪುವುದಿಲ್ಲ. ತಟಸ್ಥಗೊಳಿಸುವ ಆಂಟಿಬಾಡಿ, ವೈರಸ್ ಜೀವಕೋಶದೊಳಗೆ ಹೋಗದ ಹಾಗೆ ತಡೆಯುತ್ತದೆ. ಅದರಿಂದ ತಪ್ಪಿಸಿಕೊಂಡರೆ ಸೋಂಕು ತಗಲುತ್ತದೆ, ಜ್ವರ ಕೆಮ್ಮು ಬರುತ್ತದೆ. ಆಮೇಲಿನ ಕೆಲಸ ಟಿ ಕೋಶಗಳದ್ದು, ಅಂದರೆ ಲಸಿಕೆಯಿಂದ ತಯಾರಾಗಿ ನಿಲ್ಲುವ ಒಂದು ಬಗೆಯ ಬಿಳಿ ರಕ್ತಕಣಗಳದ್ದು. ಅವು ಸ್ಪೈಕಿನ ಹೊರಮೈ ನೋಡಿ ಕೂರುವುದಿಲ್ಲ. ವೈರಸ್ ಪ್ರೊಟೀನಿನ ಚೂರುಗಳನ್ನು ಗುರುತಿಸಿ, ಸೋಂಕು ತಗಲಿದ ಕೋಶವನ್ನೇ ಕೊಲ್ಲುತ್ತವೆ. ಅಂಥ ಚೂರುಗಳು ಹಲವು, ಒಬ್ಬೊಬ್ಬರ ದೇಹ ಬೇರೆ ಬೇರೆ ಚೂರು ಆರಿಸುತ್ತದೆ. ಹೆಚ್ಚಿನವು ಓಮಿಕ್ರಾನ್‌ನಲ್ಲೂ ಬದಲಾಗಿರಲಿಲ್ಲ. 2021ರ ಮೇಯಲ್ಲಿ ದೇಶದಲ್ಲಿ ದಿನಕ್ಕೆ 4 ಲಕ್ಷ ದಾಟಿದ ಪ್ರಕರಣ, 4 ಸಾವಿರ ದಾಟಿದ ಸಾವು. 2022ರ ಜನವರಿಯಲ್ಲಿ ಪ್ರಕರಣ ದಿನಕ್ಕೆ 3 ಲಕ್ಷ ದಾಟಿತು, ಸಾವು ಮಾತ್ರ ಅದರ ಹತ್ತಿರವೂ ಬರಲಿಲ್ಲ. ಓಮಿಕ್ರಾನ್ ಶ್ವಾಸಕೋಶಕ್ಕೆ ಡೆಲ್ಟಾದಷ್ಟು ಇಳಿಯುತ್ತಿರಲಿಲ್ಲ ಅನ್ನುವುದೂ ಒಂದು ಕಾರಣ, ಎಲ್ಲ ಲಸಿಕೆಯಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ಲಸಿಕೆಯಿಂದ ಏನೂ ಆಗಲಿಲ್ಲ ಅನ್ನುವವರು ಈ ಎರಡು ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ನನ್ನ ತಕರಾರು ಬೇರೆ. ಓಮಿಕ್ರಾನ್‌ಗೆಂದೇ ಮಾಡಿದ ಪುಣೆಯ ಲಸಿಕೆ ಜೆಮ್ಕೊವ್ಯಾಕ್-ಓಎಂ 2023ರ ಜೂನಿನಲ್ಲೇ ಬಂತು. ನಿಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀರಿ? ಆ ಹೊತ್ತಿಗೆ ನಮಗೆಲ್ಲ ಕೊರೋನಾ ಅಂದರೆ ಸಾಕಾಗಿತ್ತು. ಎಕ್ಸ್‌ಬಿಬಿ, ಜೆಎನ್.1 ಅಂತ ಹೊಸ ತಳಿಯ ಹೆಸರು ಬಂದಾಗ ಪೇಪರಿನಲ್ಲಿ ಎರಡು ದಿನ ಸುದ್ದಿ, ಆಮೇಲೆ ಇಲ್ಲ. ಮಕ್ಕಳು ಮರಿ ಚೆನ್ನಾಗಿಯೇ ಇರುತ್ತಾರೆ. ಕಿಡ್ನಿ ಕಸಿ ಮಾಡಿಸಿಕೊಂಡವರು, ಕಿಮೋ ನಡೆಯುತ್ತಿರುವವರು, ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಲೆಕ್ಕ ಬೇರೆ. ಅವರ ದೇಹ ಆಂಟಿಬಾಡಿಯನ್ನೂ ಟಿ ಕೋಶವನ್ನೂ ಸಾಕಷ್ಟು ತಯಾರಿಸುವುದಿಲ್ಲ. ಅಂಥವರಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿಯುವುದೂ ಉಂಟು, ಅಷ್ಟು ಸಮಯ ಸಿಕ್ಕರೆ ವೈರಸ್ ಒಬ್ಬರ ಮೈಯಲ್ಲೇ ತುಂಬ ಬದಲಾಗುತ್ತದೆ. ಮನೆಯಲ್ಲಿ ಅಂಥವರಿದ್ದರೆ, ಅವರನ್ನು ನೋಡುವ ವೈದ್ಯರ ಹತ್ತಿರ ಇನ್ನೊಂದು ಡೋಸ್ ಬೇಕಾ ಅಂತ ಕೇಳಿ. ಹೋಗುವ ಮೊದಲು ಆಂಟಿಬಾಡಿ ಟೆಸ್ಟ್ ಮಾಡಿಸಬೇಡಿ. ದುಡ್ಡು ದಂಡ. ಲ್ಯಾಬಿನವಳೇ ಹೇಳುತ್ತಿದ್ದೇನೆ.