25 ನಿಮಿಷದ ಟೊಮ್ಯಾಟೊ

ಒಂದು ವರದಿ ಬರೆದು ಕೊಡಬೇಕಿತ್ತು. ಮೂರು ದಿನ ಕೂತರೂ ತಲೆಬರಹ ಮಾತ್ರ ತಯಾರಾಗಿತ್ತು. ಅದರ ಬಣ್ಣವನ್ನೇ ನಾಲ್ಕು ಸಲ ಬದಲಾಯಿಸಿದ್ದೆ. ನನ್ನ ಗೋಳು ಕೇಳಿದ ಗೆಳೆಯ, "ಪೊಮೊಡೊರೊ ಮಾಡು" ಅಂದ. ಅದು ಯಾವುದೋ ವ್ಯಾಯಾಮ ಇರಬೇಕು ಅಂದುಕೊಂಡು, "ಮಂಡಿ ನೋವಿದೆ ಕಣೋ" ಅಂದೆ.

ವ್ಯಾಯಾಮ ಅಲ್ಲ, ಟೊಮ್ಯಾಟೊ! ಇಟಾಲಿಯನ್ನರು ಟೊಮ್ಯಾಟೊಗೆ ಪೊಮೊಡೊರೊ ಅನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿಗೂ ನನ್ನದೇ ಕಾಯಿಲೆ ಇತ್ತಂತೆ. ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಒಂದನ್ನು ಎದುರಿಗಿಟ್ಟುಕೊಂಡು, ಸ್ವಲ್ಪ ಹೊತ್ತಾದರೂ ನೆಟ್ಟಗೆ ಓದು ನೋಡೋಣ ಅಂತ ತನಗೆ ತಾನೇ ಸವಾಲು ಹಾಕಿಕೊಂಡ. ಅದೇ ಮುಂದೆ 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅಂತಾಯಿತು. ನಾಲ್ಕು ಸುತ್ತು ಮುಗಿಸಿದರೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಸುಳ್ಳು ಯಾಕೆ, ನನಗೆ ಮೊದಲು ಇಷ್ಟವಾಗಿದ್ದು ಆ ದೊಡ್ಡ ಬಿಡುವೇ.

ಫೋನಿನಲ್ಲೇ ಟೈಮರ್ ಇದೆಯಲ್ಲ ಅನ್ನಬಹುದು. ಆದರೆ ನನ್ನ ಗಮನ ಕಾಯಲು ಫೋನನ್ನು ಇಡುವುದೂ ಹಾಲು ಕಾಯಲು ಬೆಕ್ಕನ್ನು ಕೂರಿಸುವುದೂ ಒಂದೇ. ಹಾಗಾಗಿ ಕೆಂಪಗಿನ ಟೊಮ್ಯಾಟೊವನ್ನೇ ತಂದೆ. ಕೀ ತಿರುಗಿಸಿದೆ. ಟಿಕ್ ಟಿಕ್ ಶುರುವಾಯಿತು. ಪರೀಕ್ಷೆಯಲ್ಲಿ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು.

ಇದರಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಮಧ್ಯೆ ಎದ್ದುಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಏಳನೇ ನಿಮಿಷಕ್ಕೆ ಬಾಗಿಲ ಬೆಲ್ ಆಯಿತು. ಮತ್ತೆ ಕೀ. ಹನ್ನೊಂದನೇ ನಿಮಿಷಕ್ಕೆ ಅಪ್ಪನ ಕನ್ನಡಕ ಕಳೆಯಿತು. ಹುಡುಕಿದರೆ ಅವರ ತಲೆಯ ಮೇಲೇ ಇತ್ತು. ಮತ್ತೆ ಕೀ. ಮಧ್ಯಾಹ್ನದವರೆಗೂ ಮನಸ್ಸಿಟ್ಟು ಮಾಡಿದ ಕೆಲಸ ಅಂದರೆ ಕೀ ಕೊಟ್ಟಿದ್ದೊಂದೇ.

ಹೊರಗಿನವರ ಕಾಟ ಬಿಡಿ, ಒಳಗಿನದು ಇನ್ನೂ ಜಾಸ್ತಿ. ಬೇರೆ ಯೋಚನೆ ಬಂದರೆ ಹಾಳೆಯಲ್ಲಿ ಸಣ್ಣ ಗುರುತು ಹಾಕಿ, ವಿಷಯ ಬರೆದಿಟ್ಟು, ಕೆಲಸ ಮುಂದುವರಿಸಬೇಕಂತೆ. ಸಂಜೆ ನೋಡಿದರೆ ಹಾಳೆಯ ತುಂಬಾ ಇರುವೆ ಸಾಲು. ಒಂದು ಕಡೆ 'ಆಮೆ, ಹಲ್ಲು?' ಅಂತ ಬರೆದಿದ್ದೆ. ಅದನ್ನು ಓದಿದ ನನ್ನ ಹೆಂಡತಿ, "ಯಾವ ಇಲಾಖೆಗೆ ಕೊಡೋ ವರದಿ ಇದು?" ಅಂತ ಕೇಳಿದಳು.

ಬಿಡುವಿನಲ್ಲಿ ಆಮೆಯ ವಿಚಾರ ಹುಡುಕಿದೆ. ಆಮೆಗೆ ಹಲ್ಲಿಲ್ಲ. ಇದು ತಿಳಿಯಲು ಅರ್ಧ ನಿಮಿಷ ಸಾಕಿತ್ತು. ಉಳಿದ ಐವತ್ತು ನಿಮಿಷ ಎಲ್ಲಿ ಹೋಯಿತೋ! ಕೆಲಸಕ್ಕೆ ಕೀ ಕೊಟ್ಟವನು ಬಿಡುವಿಗೆ ಕೀ ಕೊಡಲು ಮರೆತಿದ್ದೆ.

ಮರುದಿನ ಪವಾಡ ನಡೆಯಿತು. ಕೈ ತಾನಾಗೇ ಓಡತೊಡಗಿತು. 'ಈ ಸಮಸ್ಯೆಗೆ ಮುಖ್ಯ ಕಾರಣ' ಎಂದು ಬರೆಯುತ್ತಿದ್ದೆ, ಟ್ರಿಣ್ ಅಂತು ಟೊಮ್ಯಾಟೊ. ಗಂಟೆ ಹೊಡೆದರೆ ನಿಲ್ಲಿಸಲೇಬೇಕು ಅನ್ನೋದು ನಿಯಮ. ನಿಲ್ಲಿಸಿದೆ. ಐದು ನಿಮಿಷ ಬಿಟ್ಟು ಬಂದು ಕೂತರೆ ಮುಖ್ಯ ಕಾರಣ ಮರೆತೇ ಹೋಗಿದೆ! ಎರಡು ಸುತ್ತು ಗೋಡೆ ನೋಡಿದರೂ ನೆನಪಾಗಲಿಲ್ಲ. ಆ ಎರಡು ಸುತ್ತನ್ನೂ ಲೆಕ್ಕಕ್ಕೆ ತಗೊಂಡೆ ಅನ್ನೋದು ಬೇರೆ ಮಾತು.

ಇಷ್ಟರಲ್ಲಿ ಮನೆಯವರಿಗೆಲ್ಲ ಪಾಠ ಮಾಡಿದ್ದೆ. ಟಿಕ್ ಟಿಕ್ ಕೇಳುವಾಗ ಯಾರೂ ಕರೆಯಬಾರದು, ಕರೆದರೆ 'ಆಮೇಲೆ ಬರ್ತೀನಿ' ಅನ್ನಬೇಕು. ಮಗಳು ಮಾತ್ರ ಶ್ರದ್ಧೆಯಿಂದ ಕೇಳಿಸಿಕೊಂಡಿದ್ದಳು.

ಮೊನ್ನೆ ಬಿಡುವಿನಲ್ಲಿ ಕಸ ಹಾಕಲು ಹೊರಗೆ ಹೋದೆ. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಬೀಗದ ಕೈ, ಫೋನು ಎರಡೂ ಒಳಗೆ. ಮಗಳನ್ನು ಬಿಟ್ಟರೆ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತಟ್ಟಿದೆ.

"ಅಪ್ಪಾ, ಇನ್ನೂ 18 ನಿಮಿಷ ಇದೆ" ಅಂದಳು ಒಳಗಿಂದ. "ಮಧ್ಯೆ ಎದ್ದರೆ ಮೊದಲಿನಿಂದ ಶುರು ಮಾಡಬೇಕು. ನೀನೇ ಹೇಳಿದ್ದಲ್ವಾ?"

ಮೆಟ್ಟಿಲ ಮೇಲೆ ಕೂತೆ. ಕಿಟಕಿಯಿಂದ ನನ್ನದೇ ಟೊಮ್ಯಾಟೊದ ಟಿಕ್ ಟಿಕ್ ಕೇಳುತ್ತಿತ್ತು. ಮಾಡಲು ಏನೂ ಇರಲಿಲ್ಲ, ಸುಮ್ನೆ ಕೂತಿದ್ದೆ. ಆಗ ಫಕ್ಕನೆ ಆ ಮುಖ್ಯ ಕಾರಣ ನೆನಪಾಯಿತು.

ಪೆನ್ನು ಒಳಗಿತ್ತು.