ಆಲಮಟ್ಟಿಯ ಹೊಣೆ ಬಾಡಿಗೆದಾರನದು

ಮಹಾರಾಷ್ಟ್ರದ ಸಾಂಗಲಿಯಲ್ಲಿ ಬಾಡಿಗೆ ಮನೆ ಹಿಡಿಯುವುದು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಹಿಡಿದಷ್ಟು ದುಬಾರಿಯ ಕೆಲಸವಲ್ಲ. ಮಕ್ಕಳ ಕಾಲೇಜಿಗೋ, ಮಿರಜದ ಆಸ್ಪತ್ರೆಗೋ, ಅರಿಷಿಣ ಪೇಟೆಯಲ್ಲಿ ಲೆಕ್ಕ ಬರೆಯುವುದಕ್ಕೋ ಜತ್ತ, ಅಥಣಿ, ಉಗಾರದ ಕಡೆಯಿಂದ ಬರುವ ಕನ್ನಡಿಗರಿಗೆ ಗಾಳಿ ಬೆಳಕಿನ ಎರಡು ಕೋಣೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಕೃಷ್ಣೆಯ ಘಾಟು, ಗಣಪತಿ ಗುಡಿ, ಸಂಜೆಗೆ ಒಂದು ಪೊಟ್ಟಣ ಭಡಂಗ ಎಂಬ ಖಾರದ ಚುರುಮುರಿ, ಎಲ್ಲವೂ ಕೈಗೆಟುಕುವ ದರದಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ಘಾಟಿಗೆ ನಡೆದು ಹೋಗುವ ಶ್ರಮವೂ ಇಲ್ಲ. ಹೊಳೆಯೇ ಮನೆಗೆ ಬರುತ್ತದೆ.

ನಾನು ನೋಡಿದ ಮನೆಯಲ್ಲಿ ಸ್ವಿಚ್ ಬೋರ್ಡುಗಳೆಲ್ಲ ತಲೆಗಿಂತ ಎತ್ತರದಲ್ಲಿದ್ದವು. ಫ್ಯಾನು ಹಾಕಲು ಸ್ಟೂಲು ಬೇಕು, ಅದನ್ನು ಮಾಲೀಕರೇ ಉಚಿತವಾಗಿ ಕೊಡುತ್ತಾರಂತೆ. ಹೊಸ ಸುಣ್ಣದ ಕೆಳಗಿನಿಂದ ಕಂದು ಬಣ್ಣದ ಗೆರೆಯೊಂದು ಇಣುಕುತ್ತ ನಾಲ್ಕೂ ಗೋಡೆಗಳನ್ನು ಸುತ್ತಿಬಂದು ಕ್ಯಾಲೆಂಡರಿನ ಹಿಂದೆ ಅಡಗಿತ್ತು. ಅದೇನೆಂದು ಕೇಳಿದಾಗ ಮಾಲೀಕರು, 2005ರ ಮಹಾಪೂರದಲ್ಲಿ ಈ ಮನೆಗೆ ನೀರು ಬಂದೇ ಇಲ್ಲವೆಂದು ಗಣಪತಿಯ ಆಣೆ ಹಾಕಿದರು. ಮನೆ ಕಟ್ಟಿದ್ದೇ 2008ರಲ್ಲಿ ಎಂಬುದು ಆಮೇಲೆ ತಿಳಿಯಿತು. ಹಾಗಾದರೆ 2019? "ಅದು ನಿಮ್ಮವರು ಮಾಡಿದ್ದು" ಎಂದರು.

ನಮ್ಮವರು ಎಂದರೆ ಕರ್ನಾಟಕದ ಆಲಮಟ್ಟಿ. ಅಲ್ಲಿ ನೀರು ತಡೆದು ನಿಲ್ಲಿಸುವುದರಿಂದಲೇ ಸಾಂಗಲಿ ಮುಳುಗುತ್ತದೆ ಎಂಬುದು ಇಲ್ಲಿನವರ ಆರೋಪ. ಕನ್ನಡ ಮಾತನಾಡುವವನು ಸಾಂಗಲಿಯಲ್ಲಿ ಮನೆ ಕೇಳಿದ ಕ್ಷಣದಿಂದ ಆ ಜಲಾಶಯದ ಗೇಟುಗಳ ಬೀಗದ ಕೈ ಅವನ ಜೇಬಿನಲ್ಲಿದೆಯೆಂದೇ ಎಲ್ಲರೂ ಭಾವಿಸುತ್ತಾರೆ. ಆಧಾರ್ ಕಾರ್ಡಿನ ಪ್ರತಿಯ ಜೊತೆಗೆ, 519.6 ಮೀಟರ್ ಇರುವ ನೀರಿನ ಮಟ್ಟವನ್ನು 524.256ಕ್ಕೆ ಏರಿಸುವ ಯೋಜನೆಯ ಬಗ್ಗೆ ಅವನು ಸಮಜಾಯಿಷಿಯನ್ನೂ ಕೊಡಬೇಕು.

ನದಿಯ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆ, ಅದೂ ಕೆಳಗಡೆ ಇರುವ ಅಣೆಕಟ್ಟೆಯ ಮೇಲೆ ಹೊರಿಸಿದ ಈ ಆರೋಪವನ್ನು ವಿಚಾರಿಸಲೆಂದು ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ ವಡನೇರೆ ಸಮಿತಿಯನ್ನು ನೇಮಿಸಿತ್ತು. 2019ರ ಮಹಾಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ಆ ಸಮಿತಿ 2020ರಲ್ಲಿ ವರದಿಯನ್ನೂ ಕೊಟ್ಟಿತು. ವರದಿಯನ್ನು ಬಹಳ ಎತ್ತರದ ಕಪಾಟಿನಲ್ಲಿ ಇಟ್ಟಿರಬೇಕು. ಈವರೆಗೂ ಅದಕ್ಕೆ ನೀರು ತಾಗಿಲ್ಲ, ಕೈಯೂ ತಾಗಿಲ್ಲ.

ನದಿಯ ಪಾತ್ರದ ಪಕ್ಕದಲ್ಲಿ ನೀಲಿ ರೇಖೆ, ಕೆಂಪು ರೇಖೆ ಎಂದು ಎರಡಿವೆ. 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮಟ್ಟಕ್ಕೆ ನೀಲಿ, 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು. ನೀಲಿಯ ಒಳಗೆ ಮನೆ ಕಟ್ಟುವಂತಿಲ್ಲ. ಆದ್ದರಿಂದ ಅಲ್ಲಿ ಕಟ್ಟಿದವುಗಳನ್ನು ಮನೆಗಳೆಂದು ಯಾರೂ ಒಪ್ಪುವುದಿಲ್ಲ. ಘರಪಟ್ಟಿಯನ್ನು, ಅಂದರೆ ಮನೆ ತೆರಿಗೆಯನ್ನು, ಮಾತ್ರ ಒಪ್ಪಿಕೊಳ್ಳುತ್ತಾರೆ. ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2005ರಲ್ಲಿ ಅದನ್ನು ಮೀರಿದ ಕೃಷ್ಣೆ 2019ರಲ್ಲಿ 57 ಅಡಿ ದಾಟಿದಳು, ಎರಡೇ ವರ್ಷ ಬಿಟ್ಟು 2021ರಲ್ಲಿ ಮತ್ತೆ ಅಪಾಯದ ಗೆರೆಯನ್ನು ಮೀರಿ ಬಂದಳು. ರೇಖೆ ಎಳೆದವರ ಪಂಚಾಂಗವನ್ನು ಅವಳು ಓದಿದಂತೆ ಕಾಣುವುದಿಲ್ಲ.

ಕರಾರುಪತ್ರ ಹನ್ನೊಂದು ತಿಂಗಳದ್ದು. ಅದರಲ್ಲಿ ಮಹಾಪೂರವನ್ನು ನೈಸರ್ಗಿಕ ಆಪತ್ತು ಎಂದು ಬರೆದು, ಕೆಸರು ತೆಗೆಯುವ ಖರ್ಚನ್ನು ಬಾಡಿಗೆದಾರನ ತಲೆಗೆ ಕಟ್ಟಲಾಗಿತ್ತು. ನೈಸರ್ಗಿಕವಾದರೆ ಆಲಮಟ್ಟಿಯ ತಪ್ಪೆಲ್ಲಿ, ಆಲಮಟ್ಟಿಯ ತಪ್ಪಾದರೆ ನಿಸರ್ಗದ ಹೆಸರೇಕೆ ಎಂದು ನಾನು ವಾದಿಸಲಿಲ್ಲ. "ಗೇಟುಗಳ ವಿಷಯ ನಮ್ಮವರಿಗೆ ತಿಳಿಸುತ್ತೇನೆ" ಎಂದಷ್ಟೇ ಗಂಭೀರವಾಗಿ ಹೇಳಿದೆ. ಮಾಲೀಕರ ಮುಖ ಅರಳಿತು, ಬಾಡಿಗೆ ಐನೂರು ರೂಪಾಯಿ ಇಳಿಯಿತು. ಈಗ ಜುಲೈ ಬಂತೆಂದರೆ ಓಣಿಯವರೆಲ್ಲ ಬೆಳಗಿನ ಚಹಾಕ್ಕೆ ನನ್ನನ್ನು ಕರೆದು, ಇವತ್ತು ಎಷ್ಟು ಕ್ಯೂಸೆಕ್ ಬಿಡಿಸಿದಿರಿ ಎಂದು ವಿಚಾರಿಸುತ್ತಾರೆ. ನಾನೂ ಪತ್ರಿಕೆಯಲ್ಲಿ ಓದಿದ ಅಂಕಿಯನ್ನು ಸ್ವಲ್ಪ ತಡೆದು, ಮೇಲಿನವರೊಡನೆ ಮಾತಾಡಿ ಬಂದವನಂತೆ ಹೇಳುತ್ತೇನೆ.

ಪಕ್ಕದ ಮನೆಯ ಬಾಡಿಗೆದಾರರು ಸಾತಾರಾ ಜಿಲ್ಲೆಯವರು. ಅವರ ಜಿಲ್ಲೆಯ ಕೋಯ್ನಾ ಜಲಾಶಯದಲ್ಲಿ 105 ಟಿಎಂಸಿ ನೀರು ನಿಲ್ಲುತ್ತದೆ, ಅಲ್ಲಿಂದ ಬಿಟ್ಟದ್ದು ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನೇರವಾಗಿ ನಮ್ಮ ಓಣಿಯ ಕಡೆಗೇ ಬರುತ್ತದೆ. ಆದರೂ ಅವರನ್ನು ಚಹಾಕ್ಕೆ ಯಾರೂ ಕರೆಯುವುದಿಲ್ಲ. ಪಾಪ, ಅವರು ಪೂರ್ತಿ ಬಾಡಿಗೆಯನ್ನೇ ಕೊಡುತ್ತಾರೆ.